ಸಹಜ ಸಾವಿಗೂ ಸಾಕ್ಷಿ ಬೇಕು

ಸಕಲೇಶಪುರ ತಾಲ್ಲೂಕಿನ ಬಿಸಿಲೆ ಘಟ್ಟದ ಅಂಚಿನ ಊರು. ಅಲ್ಲಿಂದ ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಇಳಿಯುವುದು ಕಾಡಿನ ದಾರಿ. ದೊಡ್ಡಾಸ್ಪತ್ರೆ ದೂರದ ಮಾತು. ಇಂಥ ಕಡೆ ಗಟ್ಟಿಮುಟ್ಟಾಗಿದ್ದ ಒಬ್ಬರು ಕುಸಿದು ಸತ್ತರೆ ‘ಹಾರ್ಟ್ ಅಟ್ಯಾಕ್ ಆಯಿತಂತೆ’ ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ. ಆ ‘ಅಂತೆ’ ಎಷ್ಟು ನಿಜ? 2025ರಲ್ಲಿ ಇಡೀ ಹಾಸನ ಜಿಲ್ಲೆಯನ್ನು ಕಾಡಿದ್ದು ಇದೇ ಪ್ರಶ್ನೆ.

ಆ ವರ್ಷ ಮೇ, ಜೂನ್ ತಿಂಗಳುಗಳಲ್ಲಿ ಯುವಕರೂ ಸೇರಿದಂತೆ ಹಲವರು ಹಠಾತ್ತನೆ ಮೃತಪಟ್ಟ ಸುದ್ದಿ ಜಿಲ್ಲೆಯಲ್ಲಿ ಒಂದರ ಹಿಂದೊಂದು ಬಂತು. ಕೋವಿಡ್ ಲಸಿಕೆಯ ಮೇಲೆ ಅನುಮಾನ ಹಬ್ಬಿತು. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಸರ್ಕಾರ ನೇಮಿಸಿದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಜುಲೈನಲ್ಲಿ ವರದಿ ನೀಡಿತು. ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಉಳಿದ 20ರಲ್ಲಿ ಶವಪರೀಕ್ಷೆ, ಇಸಿಜಿ ಮುಂತಾದ ಪುರಾವೆಗಳಿಂದ ಖಚಿತವಾದದ್ದು ಅರ್ಧದಷ್ಟು; ಮಿಕ್ಕವು ‘ಸಂಭಾವ್ಯ’. ಲಸಿಕೆ ಕಾರಣವಲ್ಲ, ಸಾವುಗಳು ಅಸಹಜವಾಗಿ ಏರಿಲ್ಲ ಎಂದೂ ಸಮಿತಿ ಹೇಳಿತು.

ಶವಪರೀಕ್ಷೆ ಎಂದೊಡನೆ ಜನರಿಗೆ ನೆನಪಾಗುವುದು ಪೊಲೀಸರು. ಅದಕ್ಕೆ ಕಾರಣವಿದೆ. ಅನುಮಾನಾಸ್ಪದ ಸಾವಿನ ಪಂಚನಾಮೆಗೆ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 174ನೇ ಕಲಮು ಇತ್ತು. 1973ರ ಸಂಹಿತೆಯಲ್ಲೂ ಅದೇ ಸಂಖ್ಯೆ ಉಳಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 194 ಆಗಿದೆ. ಕೊಲೆಯೋ, ಆತ್ಮಹತ್ಯೆಯೋ, ಅಪಘಾತವೋ ಎಂದು ತಿಳಿಯುವುದು ಕಾನೂನಿನ ಉದ್ದೇಶ. ಸ್ವಾರಸ್ಯವೆಂದರೆ, ಅನುಮಾನದ ಮೇಲೆ ಶವಾಗಾರಕ್ಕೆ ಬಂದ ದೇಹಗಳಲ್ಲಿ ಎಷ್ಟೋ ಬಾರಿ ಸಿಗುವ ಅಪರಾಧಿ ರೋಗವೇ.

ಆ ರೋಗಗಳಲ್ಲಿ ಮೊದಲ ಸ್ಥಾನ ಹೃದಯದ್ದು. ಅದಕ್ಕೆ ರಕ್ತ ಒಯ್ಯುವ ನಾಳಗಳ ಒಳಗೋಡೆಯಲ್ಲಿ ವರ್ಷಗಳ ಕಾಲ ಕೊಬ್ಬು ಕಟ್ಟಿ ದಾರಿ ಕಿರಿದಾಗಿರುತ್ತದೆ. ಮೇಲೊಂದು ರಕ್ತದ ಗರಣೆ ಕೂತರೆ ಕಥೆ ಮುಗಿಯಿತು. ಮಿದುಳಿನ ರಕ್ತಸ್ರಾವ, ಶ್ವಾಸಕೋಶದ ನಾಳಕ್ಕೆ ಸಿಕ್ಕಿಕೊಂಡ ಗರಣೆ, ನ್ಯುಮೋನಿಯಾ, ಕ್ಷಯ ಇವೂ ಕಾಣಸಿಗುತ್ತವೆ. ರೋಗದ ನೆಲೆಯನ್ನು ಹೀಗೆ ಅಂಗಾಂಗಗಳಲ್ಲೇ ಹುಡುಕುವ ಕ್ರಮಕ್ಕೆ ಬುನಾದಿ ಹಾಕಿದ್ದು ಇಟಲಿಯ ಪಡುವಾದ ವೈದ್ಯ ಮೊರ್ಗಾಗ್ನಿ 1761ರಲ್ಲಿ ಪ್ರಕಟಿಸಿದ ಗ್ರಂಥ.

ಹಾಗೆಂದು ಚಾಕು ಎಲ್ಲವನ್ನೂ ಹೇಳುವುದಿಲ್ಲ. ಹೃದಯಾಘಾತವಾಗಿ ಕೆಲವೇ ಗಂಟೆಗಳಲ್ಲಿ ಸತ್ತವರ ಹೃದಯದ ಸ್ನಾಯು ಬರಿಗಣ್ಣಿಗೆ ಸರಿಯಾಗಿಯೇ ಕಾಣಬಹುದು. ಬಡಿತದ ತಾಳ ತಪ್ಪಿ ಬಂದ ಸಾವು ಗುರುತನ್ನೇ ಬಿಡದೆ ಹೋಗಬಹುದು. ಆಗ ಸೂಕ್ಷ್ಮದರ್ಶಕ, ವಿಷಪರೀಕ್ಷೆ, ಮನೆಯವರ ಹೇಳಿಕೆ ಎಲ್ಲವನ್ನೂ ಜೋಡಿಸಿ ನೋಡಬೇಕಾಗುತ್ತದೆ.

ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ವರದಿ ಮಾಡಿ ಶವಪರೀಕ್ಷೆ ನಡೆಸುವ ತೀರ್ಮಾನವನ್ನು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರ ಜುಲೈನಲ್ಲಿ ಪ್ರಕಟಿಸಿದರು. ದುಃಖದಲ್ಲಿರುವ ಮನೆಯವರಿಗೆ ‘ಕೊಯ್ಯುವುದು’ ಎಂಬ ಮಾತೇ ಸಂಕಟ, ಅದನ್ನು ಅಲ್ಲಗಳೆಯಲಾಗದು. ಆದರೆ ಹೃದಯದ ಕೆಲವು ಕಾಯಿಲೆಗಳು ವಂಶದಲ್ಲಿ ಇಳಿದು ಬರುತ್ತವೆ. ಅಣ್ಣನ ಸಾವಿನ ನಿಜವಾದ ಕಾರಣ ತಿಳಿದರೆ ತಮ್ಮ ಸಕಾಲದಲ್ಲಿ ವೈದ್ಯರ ಬಳಿ ಹೋಗಬಹುದು. ‘ಅಂತೆ’ಯನ್ನು ನಂಬಿ ಕೂತರೆ ಆ ಅವಕಾಶ ತಪ್ಪುತ್ತದೆ.