ಹೊಳಲ್ಕೆರೆ ರಸ್ತೆಯ ಶೆಡ್ಡು: ನಮ್ಮ ರೋಬೋ ಬಳಗದ 25 ವರ್ಷ

ರಜತ ಮಹೋತ್ಸವದ ಸಂಚಿಕೆಗೆ ಬಳಗದ ಚರಿತ್ರೆಯನ್ನು ಬರೆದುಕೊಡಿ ಎಂದು ಸಮಿತಿಯವರು ಕೇಳಿದ ತಕ್ಷಣ ಒಪ್ಪಿಕೊಂಡೆ. ಬರೆಯಲು ಕೂತ ಮೇಲೆ ಮೂರು ವಾರ ಹಿಡಿಯಿತು. ಪೆನ್ನು ಹಿಡಿದಾಗಲೆಲ್ಲ ಆ ಶೆಡ್ಡಿನ ಕಟಿಂಗ್ ಆಯಿಲ್ ವಾಸನೆ ಮೂಗಿಗೆ ಬಂದು ಕೈ ನಿಂತುಬಿಡುತ್ತಿತ್ತು. ಮೊದಲೇ ಒಂದು ಮಾತು. ನಮ್ಮನ್ನು ಬೆಳೆಸಿದ ಮೇಷ್ಟ್ರು ತಮ್ಮ ಹೆಸರು ಎಲ್ಲೂ ಅಚ್ಚಾಗಬಾರದೆಂದು ಬದುಕಿದ್ದಾಗಲೇ ಕಟ್ಟಪ್ಪಣೆ ಮಾಡಿದ್ದರು. ಲೇತ್ ಅಣ್ಣನದೂ ಅದೇ ಹಟ. ನಾವೆಲ್ಲ ಕರೆಯುತ್ತಿದ್ದ ಹೆಸರಿನಲ್ಲೇ ಅವರು ಇಲ್ಲಿ ಬರುತ್ತಾರೆ. ಓದುವವರಿಗೆ ಯಾರೆಂದು ಗೊತ್ತಾಗುತ್ತದೆ.

ಬಳಗ ಹುಟ್ಟಿದ್ದು 1999ರಲ್ಲಿ ನಿಜ, ಆದರೆ ಅದರ ಬೇರು ಹಿಂದಕ್ಕೆ ಹೋಗುತ್ತದೆ. ನಮ್ಮ ಜಿಲ್ಲೆಗೆ ಇಂಜಿನಿಯರಿಂಗ್ ವಿದ್ಯೆ ಬಂದದ್ದು 1951ರಲ್ಲಿ, ದಾವಣಗೆರೆಯ ಬಿ.ಡಿ.ಟಿ. ಕಾಲೇಜಿನ ಮೂಲಕ. ಆಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಬೇರೆಯಾದದ್ದು 1997ರಲ್ಲಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹುಡುಗರು ಟ್ರಂಕು ಹೊತ್ತುಕೊಂಡು ಅಲ್ಲಿಗೆ ಹೋಗುತ್ತಿದ್ದರು. ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ತೆರೆದ ಉಚಿತ ವಿದ್ಯಾರ್ಥಿನಿಲಯಗಳು ಇಲ್ಲದಿದ್ದರೆ ಅವರಲ್ಲಿ ಎಷ್ಟು ಜನ ಓದು ಮುಗಿಸುತ್ತಿದ್ದರೋ ಹೇಳಲಾರೆ. 1980ರಲ್ಲಿ ಚಿತ್ರದುರ್ಗದಲ್ಲೇ ಎಸ್.ಜೆ.ಎಂ. ತಾಂತ್ರಿಕ ಕಾಲೇಜು ಶುರುವಾಯಿತು. ದೂರ ಕಳಿಸಲು ಹೆದರುತ್ತಿದ್ದ ತಾಯಂದಿರಿಗೆ ಧೈರ್ಯ ಬಂತು.

ಇನ್ನೊಂದು ಬೇರು ಬೆಂಗಳೂರಿನಲ್ಲಿದೆ. 1975ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಹುಟ್ಟಿತು. ಅದರ ಹಿಂದೆ ಪ್ರೊ. ಸತೀಶ್ ಧವನ್ ಅವರ ದೂರದೃಷ್ಟಿ ಇತ್ತು. ಕಾರ್ಯದರ್ಶಿಯಾಗಿ ದುಡಿದವರು ಪ್ರೊ. ಅಮೂಲ್ಯ ರೆಡ್ಡಿ. ವಿಜ್ಞಾನ ಹಳ್ಳಿಗೆ ಇಳಿಯದಿದ್ದರೆ ಅದು ಅರ್ಧ ಕೆಲಸ ಎಂದು ನಂಬಿದ್ದ ಮನುಷ್ಯ. ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆಯನ್ನು ನಮ್ಮ ಅಡುಗೆಮನೆಗಳಿಗೆ ಕೊಟ್ಟದ್ದು ಅವರು ಕಟ್ಟಿದ ತಂಡ. ಆ ಮಂಡಳಿ 1977ರಲ್ಲಿ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ಆರಂಭಿಸಿತು. ಕೊನೆಯ ವರ್ಷದ ಇಂಜಿನಿಯರಿಂಗ್ ಹುಡುಗರು ಒಂದು ಸಮಸ್ಯೆ ಹಿಡಿದು ಬರೆದು ಕಳಿಸಿದರೆ, ಆಯ್ಕೆಯಾದದ್ದಕ್ಕೆ ಒಂದಿಷ್ಟು ಹಣ. ಅವುಗಳಲ್ಲಿ ಚೆನ್ನಾಗಿ ಬಂದದ್ದಕ್ಕೆ ರಾಜ್ಯಮಟ್ಟದ ಪ್ರದರ್ಶನದಲ್ಲಿ ಜಾಗ. ಸಿಗುತ್ತಿದ್ದ ಹಣ ಸಣ್ಣದು. ಆದರೆ ಬೆಂಗಳೂರಿನ ವಿಜ್ಞಾನಿಗಳು ನಮ್ಮ ಯೋಚನೆಯನ್ನು ಓದಿ ಒಪ್ಪಿದ್ದಾರೆ ಎಂಬ ಕಾಗದ ಕೈಗೆ ಬಂದಾಗ ಹೊಸದುರ್ಗದ ಹುಡುಗನ ಬೆನ್ನು ಹೇಗೆ ನೆಟ್ಟಗಾಗುತ್ತಿತ್ತೆಂದು ನಾನು ಕಣ್ಣಾರೆ ಕಂಡಿದ್ದೇನೆ. ಆ ಹುಡುಗ ನಾನೇ.

ಈಗ ಮೇಷ್ಟ್ರ ವಿಷಯ. ಹಿರಿಯೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಹುಡುಗನಾಗಿದ್ದಾಗ ಮಲ್ಲಾಡಿಹಳ್ಳಿಯ ಅನಾಥಸೇವಾಶ್ರಮದಲ್ಲಿ ಬೆಳೆದಿದ್ದರು. ‘ತಿರುಕ’ ಎಂದು ತಮ್ಮನ್ನೇ ಕರೆದುಕೊಂಡು, ಊರೂರು ಭಿಕ್ಷೆ ಎತ್ತಿ ಸಂಸ್ಥೆ ಕಟ್ಟಿದ ರಾಘವೇಂದ್ರ ಸ್ವಾಮೀಜಿಯವರನ್ನು ದಿನವೂ ನೋಡುತ್ತ ದೊಡ್ಡವರಾದವರು. ಕೈಚೀಲ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗಿ, “ಹುಡುಗರು ಯಂತ್ರ ಮಾಡ್ತಾವಂತೆ, ನಿಮ್ಮ ಕೈಲಾದ್ದು ಕೊಡಿ” ಎಂದು ಕೇಳಲು ಅವರಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ಬರೀ ಹಣವಲ್ಲ, ತಾಮ್ರದ ತಂತಿ, ಹಳೆ ಬೇರಿಂಗು, ಸುಟ್ಟುಹೋದ ಮಿಕ್ಸಿಯ ಮೋಟರು, ಯಾವುದಾದರೂ ಆದೀತು. ಚೀಲ ಖಾಲಿ ಬಂದ ದಿನ ನನಗೆ ನೆನಪಿಲ್ಲ.

ಲೇತ್ ಅಣ್ಣ ಹೊಳಲ್ಕೆರೆಯವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಲೇತ್ ಅಂಗಡಿ ಇಟ್ಟಿದ್ದರು. ಹೆದ್ದಾರಿಯ ಲಾರಿಗಳ ಬಿಡಿಭಾಗ, ಬೋರ್‌ವೆಲ್ ಪಂಪಿನ ಶಾಫ್ಟು, ಇವೇ ಅವರ ದಿನದ ಕೆಲಸ. ಅಂಗಡಿಯ ಹಿಂದಿನ ಶೀಟಿನ ಶೆಡ್ಡನ್ನು ನಮಗೆ ಬಿಟ್ಟುಕೊಟ್ಟರು. ಬಾಡಿಗೆ ಕೇಳಲಿಲ್ಲ, ಇಂದಿಗೂ ಕೇಳಿಲ್ಲ. 1999ರ ಕೊನೆಯ ಒಂದು ಭಾನುವಾರ ಅಲ್ಲಿ ಏಳು ಜನ ಸೇರಿದೆವು: ನಾಲ್ವರು ದಾವಣಗೆರೆಯಲ್ಲಿ ಓದುತ್ತಿದ್ದವರು, ಮೂವರು ಚಿತ್ರದುರ್ಗದಲ್ಲಿ. ತಿಂಗಳಿಗೆ ತಲೆಗೆ ಹತ್ತು ರೂಪಾಯಿ ವಂತಿಗೆ. ಮೇಷ್ಟ್ರು ಎರಡು ರೂಪಾಯಿಯ ನೋಟುಬುಕ್ಕಿನಲ್ಲಿ ಲೆಕ್ಕ ಬರೆಯಲು ಶುರುಮಾಡಿದರು. ಆ ಬುಕ್ಕನ್ನು ಮಹೋತ್ಸವದ ದಿನ ಗಾಜಿನ ಪೆಟ್ಟಿಗೆಯಲ್ಲಿಡಲಿದ್ದಾರೆ. ದಯವಿಟ್ಟು ನೋಡಿ.

ಮೊದಲ ಯಂತ್ರ ನೆಲದ ಮೇಲಿನ ಕಪ್ಪು ಪಟ್ಟಿಯನ್ನು ಹಿಂಬಾಲಿಸುವ ಸಣ್ಣ ಗಾಡಿ. ಎರಡು ಕಣ್ಣು, ಎರಡು ಮೋಟರು. ಬೆಳಿಗ್ಗೆ ಸರಿಯಾಗಿ ಓಡುತ್ತಿದ್ದುದು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒಂದೇ ಜಾಗದಲ್ಲಿ ನಿಂತು ತಲೆ ಅಲ್ಲಾಡಿಸುತ್ತಿತ್ತು. ಎಂಟು ದಿನ ಸರ್ಕ್ಯೂಟ್ ಬಿಚ್ಚಿ ಜೋಡಿಸಿದೆವು. ಮೇಷ್ಟ್ರು ಒಂದು ದಿನ ಮಣೆ ಹಾಕಿಕೊಂಡು ಕೂತು ಸುಮ್ಮನೆ ನೋಡಿದರು. ಆಮೇಲೆ ಎದ್ದು ಮೇಲಿನ ಶೀಟಿನ ತೂತಿಗೆ ಚಿಂದಿ ತುರುಕಿದರು. ನಾಲ್ಕಾಣೆ ಅಗಲದ ಬಿಸಿಲು ಪಟ್ಟಿಯ ಮೇಲೆ ಬಿದ್ದು ಕಪ್ಪನ್ನು ಬಿಳುಪು ಮಾಡುತ್ತಿತ್ತು! ಯಂತ್ರ ಕೆಟ್ಟಿದೆ ಎನ್ನುವ ಮೊದಲು ಸುತ್ತಲೂ ನೋಡು ಎಂಬ ಪಾಠ ನಮಗೆ ಆ ಚಿಂದಿಯಿಂದ ಸಿಕ್ಕಿತು.

ಇನ್ನು 2003. ಸಮಿತಿಯವರು ಎಲ್ಲ ವರ್ಷಗಳಿಗೂ ಸಮನಾಗಿ ಜಾಗ ಕೊಡಿ ಎಂದಿದ್ದಾರೆ. ಅದು ನನ್ನಿಂದಾಗದು, ಕ್ಷಮಿಸಬೇಕು.

2001ರಿಂದ ಸತತ ಬರ. ನಮ್ಮ ಹೊಸದುರ್ಗ ಸೀಮೆಯಲ್ಲಿ ತೆಂಗಿನ ತೋಟಗಳು ನಿಂತಲ್ಲೇ ಒಣಗುತ್ತಿದ್ದವು. ಉಳಿದ ಮರಗಳಿಂದ ಕಾಯಿ ಕೆಡವಲು ಆಳು ಸಿಗುತ್ತಿರಲಿಲ್ಲ; ಕೆಲಸ ಬಲ್ಲವರು ಗುಳೆ ಹೋಗಿದ್ದರು. ಮರ ಹತ್ತುವ ಯಂತ್ರ ಮಾಡೋಣ ಎಂದು ನಾನು ಹೇಳಿದಾಗ ಯಾರೂ ಬೇಡವೆನ್ನಲಿಲ್ಲ. ಕಾಲೇಜಿನ ಮೂಲಕ ಅರ್ಜಿ ಹೋಯಿತು, ಮಂಡಳಿಯ ಒಪ್ಪಿಗೆ ಬಂತು. ಕಾಗದದ ಮೇಲೆ ಯಂತ್ರ ಸುಲಭ: ಮೇಲೊಂದು ಹಿಡಿ, ಕೆಳಗೊಂದು ಹಿಡಿ, ನಡುವೆ ತಿರುಗುವ ಉದ್ದನೆಯ ಸ್ಕ್ರೂ. ಮೇಲಿನದು ಮರವನ್ನು ಅಪ್ಪಿಕೊಂಡಾಗ ಕೆಳಗಿನದು ಬಿಟ್ಟು ಮೇಲೇರಬೇಕು. ಕೆಳಗಿನದು ಅಪ್ಪಿಕೊಂಡಾಗ ಮೇಲಿನದು ಬಿಟ್ಟು ಮುಂದೆ ಸಾಗಬೇಕು. ಕಂಬಳಿಹುಳು ಹೋದ ಹಾಗೆ. ಆದರೆ ತೆಂಗಿನ ಮರ ಕಂಬದ ಹಾಗೆ ಒಂದೇ ದಪ್ಪವಿಲ್ಲ, ಮೇಲೆ ಹೋದಂತೆ ಸಣ್ಣಗಾಗುತ್ತದೆ, ಅಲ್ಲಲ್ಲಿ ಬಾಗುತ್ತದೆ. ಹಿಡಿಗಳಿಗೆ ಸ್ಪ್ರಿಂಗ್ ಕೊಟ್ಟೆವು. ಜಾರದಿರಲಿ ಎಂದು ಒಳಮೈಗೆ ಟ್ರ್ಯಾಕ್ಟರ್ ಟಯರಿನ ರಬ್ಬರನ್ನು ಸಾಲುಗಳು ಅಡ್ಡ ಬರುವಂತೆ ಕೂರಿಸಿದೆವು. ಮೋಟರು ಗುಜರಿ ಕಾರಿನ ವೈಪರಿನದು. ಮಿದುಳು 89ಸಿ51 ಎಂಬ ಸಣ್ಣ ಚಿಪ್ಪು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದದ್ದು. ಒಟ್ಟು ತೂಕ ಹನ್ನೊಂದು ಕಿಲೋ.

ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಒಂದು ಬೇರಿಂಗು ಒಡೆಯಿತು. ತಂದ ಅಂಗಡಿಯವರು ಅಳತೆ ತಪ್ಪಿ ಕೊಟ್ಟಿದ್ದರು. ತಾಳೆ ನೋಡದೆ ಕೂರಿಸಿದ್ದು ನಾವು. ಆರು ದಿನ ಇರುವಾಗ ಪ್ರೋಗ್ರಾಂ ಬರೆಯುತ್ತಿದ್ದ ಹಿರಿಯೂರಿನ ಗೆಳೆಯನಿಗೆ ಜ್ವರ. ಶೆಡ್ಡಿನ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿಕೊಂಡೇ ಅವನು ಸಾಲುಗಳನ್ನು ಹೇಳಿದ, ನಾನು ಬರೆದೆ. ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತೋ ಲೆಕ್ಕವಿಲ್ಲ. ಬಂದ ಹೊತ್ತಿಗೆ ಬೆಸುಗೆ, ಹೋದ ಹೊತ್ತಿಗೆ ಅರ. ಹೊಸದುರ್ಗದ ತೋಟದಮ್ಮ ಬುತ್ತಿ ಕಳಿಸುತ್ತಿದ್ದರು. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಬಸ್ಸಿನ ಕಂಡಕ್ಟರ ಕೈಯಲ್ಲಿ. ಆ ತಾಯಿಯ ತೋಟದಲ್ಲಿ ಬರಕ್ಕೆ ಸತ್ತ ಒಂದು ಮರದ ತುದಿಯ ಭಾಗವನ್ನು ಆರಡಿ ಕೊಯ್ದು, ಹಳೆ ಲಾರಿ ಚಕ್ರದ ಡಿಸ್ಕಿಗೆ ಬೋಲ್ಟು ಹಾಕಿ ನಿಲ್ಲಿಸಿದೆವು. ಪ್ರದರ್ಶನದ ಹಾಲಿನಲ್ಲಿ ತೆಂಗಿನ ಮರ ಎಲ್ಲಿಂದ ಬರಬೇಕು?

ಕೊನೆಯ ರಾತ್ರಿ ಎಲ್ಲ ಸರಿಯಾಗಿದೆ ಎಂದುಕೊಂಡು ಸ್ವಿಚ್ಚು ಒತ್ತಿದೆವು. ಮೇಲಿನ ಹಿಡಿ ಅಪ್ಪಿತು. ಕೆಳಗಿನದು ಬಿಡಲೊಲ್ಲದು. ಬೆಳಿಗ್ಗೆ ಐದಕ್ಕೆ ಬಸ್ಸು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಪ್ರೋಗ್ರಾಂ ನೋಡಿದೆವು, ಸರಿಯಿದೆ. ಚಿಪ್ಪಿನಿಂದ ಆಜ್ಞೆ ಬರುತ್ತಿದೆ. ರಿಲೇ ಮಾತ್ರ ಟಿಕ್ ಎನ್ನುತ್ತಿಲ್ಲ. ಮುಚ್ಚಳ ಬಿಚ್ಚಿ ಟಾರ್ಚು ಹಿಡಿದರೆ, ಒಳಗಿನ ಸಾಸಿವೆ ಗಾತ್ರದ ಎರಡು ಬಿಲ್ಲೆಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ಮೋಟರು ನಿಲ್ಲುವಾಗ ಹಾರುವ ಕಿಡಿ ಅವನ್ನು ಕರಗಿಸಿತ್ತು. ಉಗುರಿನಿಂದ ಬಿಡಿಸಿ, ಮರಳುಕಾಗದದಲ್ಲಿ ಉಜ್ಜಿ ಹಾಕಿದೆವು. ಮೂರು ಸಲ ಕೆಲಸ ಮಾಡಿ ನಾಲ್ಕನೆಯ ಸಲ ಮತ್ತೆ ಅಂಟಿಕೊಂಡಿತು. ಬೇರೆ ರಿಲೇ ಇಲ್ಲ. ಎಸ್.ಪಿ. ರಸ್ತೆ ಇನ್ನೂರು ಕಿಲೋಮೀಟರು ದೂರ. ನಮ್ಮಲ್ಲೊಬ್ಬ ಅಳಲು ಶುರುಮಾಡಿದ.

ಲೇತ್ ಅಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಇಷ್ಟು ಪುಟಾಣಿದು ಅಷ್ಟು ದೊಡ್ಡ ಮೋಟರ್ ಭಾರ ಹೊರುತ್ತೇನ್ರಪ್ಪಾ? ಜೀಪಿನ ಹಾರ್ನ್ ರಿಲೇ ಹಾಕ್ರಿ” ಅಂದರು. ಅಂದು ಸುಮ್ಮನಾಗಲಿಲ್ಲ. ಅಂಗಡಿ ಮುಂದೆ ರಿಪೇರಿಗೆ ನಿಂತಿದ್ದ ಜೀಪಿನಿಂದ ಒಂದು, ತಮ್ಮ ಸ್ಕ್ರ್ಯಾಪಿನ ಡಬ್ಬದಿಂದ ಮೂರು ತೆಗೆದು ಕೊಟ್ಟರು. ಬೆಂಕಿಪೆಟ್ಟಿಗೆಯ ಅರ್ಧದಷ್ಟಿದ್ದ ಅವು ನಮ್ಮ ಬೋರ್ಡಿನಲ್ಲಿ ಹಿಡಿಸಲಿಲ್ಲ. ಮರದ ತುಂಡಿಗೆ ಮೊಳೆ ಹೊಡೆದು ಪಕ್ಕದಲ್ಲಿ ಕಟ್ಟಿದೆವು. ನಾಲ್ಕು ಗಂಟೆಗೆ ಯಂತ್ರ ತೆಂಗಿನ ಕಾಂಡದ ಬುಡದಿಂದ ತುದಿಗೆ ಹತ್ತಿ ನಿಂತಿತು. ಟಕ್, ಟಕ್ ಎಂಬ ಆ ಜೀಪಿನ ರಿಲೇ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಯಂತ್ರವನ್ನು ಚಳ್ಳಕೆರೆ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಕಾಂಡವನ್ನು ಬಸ್ಸಿನ ಟಾಪಿಗೆ ಕಟ್ಟಿ ಹೊರಟೆವು. ಹಿರಿಯೂರಿನ ನಿಲ್ದಾಣದಲ್ಲಿ ಮೇಷ್ಟ್ರು ಕಾಯುತ್ತಿದ್ದರು, ಕೈಯಲ್ಲಿ ತೇರುಮಲ್ಲೇಶ್ವರನ ಪ್ರಸಾದ. ಜ್ವರ ಬಿಟ್ಟಿದ್ದ ಗೆಳೆಯನ ಹಣೆ ಮುಟ್ಟಿ ನೋಡಿ ತಾವೂ ಬಸ್ಸು ಹತ್ತಿದರು. ಪ್ರದರ್ಶನದಲ್ಲಿ ತೀರ್ಪುಗಾರರ ಎದುರು ಯಂತ್ರ ಎರಡು ಸಲ ಹತ್ತಿ ಇಳಿಯಿತು, ಒಮ್ಮೆಯೂ ನಿಲ್ಲಲಿಲ್ಲ. ಬಹುಮಾನ ಬರಲಿಲ್ಲ. ಹಿರಿಯ ತೀರ್ಪುಗಾರರೊಬ್ಬರು ಮೊಳೆ ಹೊಡೆದ ಮರದ ತುಂಡನ್ನು ಬಹಳ ಹೊತ್ತು ನೋಡಿ, ಇದನ್ನು ಯೋಚಿಸಿದವರು ಯಾರೆಂದು ಕೇಳಿದರು. ಏಳನೇ ಕ್ಲಾಸು ಓದಿದ ನಮ್ಮ ಅಣ್ಣ ಎಂದೆವು. ನನ್ನ ಮಟ್ಟಿಗೆ ಬಳಗದ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ದಿನವಿಲ್ಲ.

ಮುಂದಿನ ವರ್ಷಗಳು ಶಾಂತವಾಗಿ ನಡೆದವು. ಹುಡುಗರು ಓದು ಮುಗಿಸಿ ಬೆಂಗಳೂರು ಸೇರಿದರು, ಹೊಸಬರು ಬಂದರು, ವರ್ಷಕ್ಕೊಂದೆರಡು ಪ್ರಾಜೆಕ್ಟು ಆದವು. 2008ರ ಸುಮಾರಿಗೆ ಬಳಗದಲ್ಲಿ ಕೆಲವು ವಿಚಾರಗಳಿಗೆ ಭಿನ್ನಾಭಿಪ್ರಾಯ ಬಂದು ಗೆಳೆಯರು ಕೆಲಕಾಲ ಬೇರೆ ಕಡೆ ಕೆಲಸ ಮಾಡಿದ್ದುಂಟು. ಎರಡೂ ಕಡೆಯವರು ಹುಡುಗರ ಒಳ್ಳೆಯದನ್ನೇ ಬಯಸಿದವರು. ಎಲ್ಲರೂ ಒಂದೇ ವೇದಿಕೆಯಲ್ಲಿ ಕೂರುವ ಈ ಹೊತ್ತಿನಲ್ಲಿ ಅದರ ವಿವರ ಬೇಡ. ಮತ್ತೆ ಒಂದಾಗಲು ಮೇಷ್ಟ್ರು ಪಟ್ಟ ಪಾಡನ್ನಷ್ಟೇ ನೆನೆಯುತ್ತೇನೆ.

2010ರ ಜುಲೈ 12ರ ಬೆಳಿಗ್ಗೆಯನ್ನು ಮಾತ್ರ ಬಿಡಲಾರೆ. ಬೆಂಗಳೂರು, ಹೈದರಾಬಾದಿನ ಏಳು ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ ಸ್ಟುಡ್‌ಸ್ಯಾಟ್ ಎಂಬ ಒಂದು ಕಿಲೋಗಿಂತ ಹಗುರವಾದ ಉಪಗ್ರಹ ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಿನಲ್ಲಿ ಮೇಲೇರಿತು. ಮೇ ತಿಂಗಳಲ್ಲೇ ಹಾರಬೇಕಿದ್ದ ರಾಕೆಟ್ಟು, ಎರಡನೇ ಹಂತದ ಒತ್ತಡದಲ್ಲಿ ಸಣ್ಣ ಕುಸಿತ ಕಂಡು ಎರಡು ತಿಂಗಳು ತಡವಾಗಿತ್ತು. ಗಡುವಿಗೆ ಮುಗಿಸಿ ಕೊಟ್ಟು, ಆಮೇಲೆ ಕಾಯುತ್ತ ಕೂರುವ ಸಂಕಟ ಎಂಥದೆಂದು ಶೆಡ್ಡಿನಲ್ಲಿ ಟಿ.ವಿ. ಮುಂದೆ ಕೂತಿದ್ದ ನಮಗೆ ಗೊತ್ತಿತ್ತು. ಆ ಮಕ್ಕಳು ನಮ್ಮವರೇ ಎಂಬಂತೆ ಮೇಷ್ಟ್ರು ಕಣ್ಣೊರೆಸಿಕೊಂಡರು. ಅವರು ನಮ್ಮನ್ನಗಲಿದ್ದು ಮರುವರ್ಷ.

ಈಗ ಕಾಲ ಬದಲಾಗಿದೆ. ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ಕುಳಿಗಳಂಥ ಕುಳಿ ತೋಡಿ ವಿಕ್ರಮ್ ಲ್ಯಾಂಡರಿನ ಸಂವೇದಕಗಳನ್ನು ಪರೀಕ್ಷಿಸಿದರು. ಅದೇ ತಾಲ್ಲೂಕಿನ ರನ್‌ವೇ ಮೇಲೆ 2023ರ ಏಪ್ರಿಲ್ 2ರಂದು ರೆಕ್ಕೆಯ ಮರುಬಳಕೆ ವಾಹನ ಹೆಲಿಕಾಪ್ಟರಿನಿಂದ ಬಿಡಿಸಿಕೊಂಡು ತಾನೇ ಇಳಿಯಿತು. ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬುಗಳು ಬಂದಿವೆ. ನಾವು ಬೇಡಿ ತಂದು ಜೋಡಿಸುತ್ತಿದ್ದುದೆಲ್ಲ ಎಂಟನೇ ಕ್ಲಾಸಿನ ಮಗುವಿಗೆ ಪೆಟ್ಟಿಗೆಯಲ್ಲಿ ಸಿಗುತ್ತದೆ. ನನಗೆ ಅದರಿಂದ ಸಂತೋಷವೇ.

ಶೆಡ್ಡು ಅಲ್ಲೇ ಇದೆ. ಮರ ಹತ್ತುವ ಯಂತ್ರವೂ ಇದೆ. ಬ್ಯಾಟರಿ ಕೊಟ್ಟರೆ ಇಂದಿಗೂ ಹತ್ತುತ್ತದೆ. ಈ ಸಲದ ಸ್ಪರ್ಧೆಗೆ ಹೊಸದುರ್ಗ, ಹೊಳಲ್ಕೆರೆಯ ನಾಲ್ವರು ಹುಡುಗಿಯರು ದಾಳಿಂಬೆ ತೋಟದ ಸಾಲಿನಲ್ಲಿ ಓಡಾಡುವ ಗಾಡಿ ಕಟ್ಟುತ್ತಿದ್ದಾರೆ. ಎಪ್ಪತ್ತು ದಾಟಿದ ಲೇತ್ ಅಣ್ಣ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅವರ ಲೇತಿನ ಚಕ್ಕು ಸವೆದಿದೆ, ಹಿಡಿದ ಶಾಫ್ಟು ನಡುಗುತ್ತದೆ. ಗಡುವಿಗೆ ಇನ್ನು ಐದು ವಾರ. ಹೊಸ ಚಕ್ಕಿಗೆ ನೆರವಾಗಬಲ್ಲ ಹಳೆಯ ವಿದ್ಯಾರ್ಥಿಗಳು ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಶೆಡ್ಡಿಗೆ ಬನ್ನಿ. ಮೇಷ್ಟ್ರ ಕೈಚೀಲ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ.