ಹೊಳೆಯ ಲೆಕ್ಕದ ಪುಸ್ತಕ

ಹಾಲಿನ ಲೆಕ್ಕ, ಇಸ್ತ್ರಿ ಬಟ್ಟೆಯ ಲೆಕ್ಕ, ದಿನಸಿಯ ಲೆಕ್ಕ ಎಂದು ನಾವು ಹೆಂಗಸರು ಕ್ಯಾಲೆಂಡರಿನ ಅಂಚಿನಲ್ಲಿ ಗೀಚಿಡುವ ಅಂಕಿಗಳನ್ನು ಯಾರೂ ಚರಿತ್ರೆ ಎನ್ನುವುದಿಲ್ಲ. ಆದರೆ ನಮ್ಮ ಕಾವೇರಿಯ ಒಂದು ಮೀನಿನ ಚರಿತ್ರೆ ಉಳಿದಿರುವುದು ಅಂಥದೇ ಲೆಕ್ಕದಿಂದ.

ಯಳಂದೂರಿನ ಕಡೆಯಿಂದ ಬರುವ ಸುವರ್ಣಾವತಿಯನ್ನು ಕೂಡಿಸಿಕೊಂಡು, ಕೊಳ್ಳೇಗಾಲದ ಸೀಮೆ ಬಳಸಿ, ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಹನೂರಿನ ಕಾಡಂಚಿಗೆ ಇಳಿಯುತ್ತಾಳೆ. ಅಲ್ಲಿನ ಆಳವಾದ ಮಡುಗಳಲ್ಲಿ ಹಿಂದೆ ಉಬ್ಬುಬೆನ್ನಿನ ಮಹಸೀರ್ ಮೀನಿನದೇ ದರ್ಬಾರಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ಹರೆಯದ ಹುಡುಗಿಯೊಬ್ಬಳ ತೂಕ!

ಹನೂರು ಕಾಡಿನ ಆಚೆ ದಡದ ಗಾಳಿಬೋರೆಯಲ್ಲಿ ಜಂಗಲ್ ಲಾಡ್ಜಸ್‌ನ ಗಾಳದ ಶಿಬಿರವಿತ್ತು. ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೇ ಬಿಡಬೇಕೆಂಬುದು ಅಲ್ಲಿಯ ಕಟ್ಟಳೆ. ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಬಗೆಯ ಮೀನು ಬಿತ್ತು, ತೂಕವೆಷ್ಟು ಎಂದು ಬರೆದಿಟ್ಟರು. 1998ರಿಂದ 2012ರವರೆಗೆ 6161 ಮೀನುಗಳ ಲೆಕ್ಕ. ಬರೆದವರು ವಿಜ್ಞಾನಿಗಳಲ್ಲ, ಹವ್ಯಾಸಿಗಳು. ಮಡು ತೋರಿಸಿದವರು ಹೊಳೆಸಾಲಿನ ಊರಿನವರು.

2015ರಲ್ಲಿ ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು ಆ ಲೆಕ್ಕವನ್ನು ಕೂಡಿ ಕಳೆದು ಪ್ರಕಟಿಸಿದರು. ಸಿಗುವ ಮೀನುಗಳ ಸಂಖ್ಯೆ ವರ್ಷವರ್ಷಕ್ಕೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಬರೀ ಸಂಖ್ಯೆ ನೋಡಿದವರು ಹಿಗ್ಗಬಹುದಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಸೀರ್. ಹೊಳೆ ತುಂಬಲೆಂಬ ಒಳ್ಳೆಯ ಮನಸ್ಸಿನಿಂದಲೇ 1970ರ ದಶಕದಿಂದ ಹೊರಗಿನ ಮರಿಗಳನ್ನು ತಂದು ಬಿಟ್ಟಿದ್ದರು. ಈ ಹೊಳೆಯ ಹುಟ್ಟುಮಗಳಾದ ಉಬ್ಬುಬೆನ್ನಿನ ಮೀನು ಅಪರೂಪವಾಗುತ್ತ ನಡೆದಿತ್ತು. 'ಯಾವ ಬಗೆ' ಎಂಬ ಒಂದು ಅಂಕಣ ಇಲ್ಲದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ನಮಗೇನು ಹೊಸದೇ? ಡಬ್ಬಿ ತುಂಬಿಯೇ ಇರುತ್ತದೆ, ಒಳಗೆ ತುಪ್ಪದ ಬದಲು ಡಾಲ್ಡಾ ಬಂದಿರುತ್ತದೆ.

2012ರಲ್ಲಿ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿತು, ಪುಸ್ತಕವೂ ಮುಚ್ಚಿತು. ಕೇರಳದ ಪಾಂಬಾರ್ ಹೊಳೆಯಲ್ಲಿ ಗುರುತಿಸಿ ಹೆಸರಿಟ್ಟಿದ್ದ 'ಟಾರ್ ರೇಮಾದೇವಿ' ಇದೇ ಮೀನೆಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ನಾಮಕರಣದ ದಿನವೇ ಮಗುವಿಗೆ ಜ್ವರ ಏರಿದಂತೆ ನನಗೆ ಕಂಡಿತು.

ಮೀನು ಮಾರುವ, ತೊಳೆದು ಹೆಚ್ಚುವ ನಮ್ಮ ಹೆಂಗಸರಿಗೆ ಯಾವುದು ಯಾವ ಮೀನೆಂದು ಕಣ್ಣಳತೆಯಲ್ಲೇ ಗೊತ್ತು. ಹೊಳೆಯ ಲೆಕ್ಕವನ್ನು ಇನ್ನೊಮ್ಮೆ ಬರೆಯಹೊರಟವರು ಅವರನ್ನೂ ಒಂದು ಮಾತು ಕೇಳಲಿ.