ನೀರಿನ ಖರ್ಚು, ಊರಿನ ಲೆಕ್ಕ

ಕ್ರಿ.ಶ. 1369ರಲ್ಲಿ ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರ, ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ದೊಡ್ಡದೊಂದು ಕೆರೆ ಕಟ್ಟಿಸಿದ. ಅಲ್ಲಿನ ಸಂಸ್ಕೃತ ಶಾಸನ ಕೆಲಸದ ಲೆಕ್ಕವನ್ನೇ ಬಿಚ್ಚಿಡುತ್ತದೆ: ದಿನಕ್ಕೆ 1,000 ಆಳು, 100 ಗಾಡಿ, 2 ವರ್ಷದ ದುಡಿಮೆ. ಒಳ್ಳೆಯ ಕೆರೆಗೆ ಇರಬೇಕಾದ 12 ಅಂಗಗಳು ಯಾವುವು, ತಟ್ಟಬಾರದ 6 ದೋಷಗಳು ಯಾವುವು ಎಂಬುದೂ ಅದರಲ್ಲಿದೆ. ಏರಿಯಲ್ಲಿ ನೀರು ಜಿನುಗುವುದು ದೋಷ, ಚೌಳು ನೆಲ ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ದೋಷವೇ.

ಕೆರೆ ಕಟ್ಟುವುದು ಒಮ್ಮೆಯ ಖರ್ಚು. ಏರಿ ಬಿರುಕು ಬಿಡದಂತೆ, ತೂಬು ಕಟ್ಟಿಕೊಳ್ಳದಂತೆ, ಹೂಳು ತುಂಬದಂತೆ ನೋಡಿಕೊಳ್ಳುವುದು ವರ್ಷವರ್ಷದ ಖರ್ಚು. ಕನ್ನಡ ನಾಡಿನ ಶಾಸನಗಳು ಈ ಎರಡನೆಯ ಖರ್ಚಿನ ಬಗ್ಗೆ ಬಲು ಎಚ್ಚರದಿಂದ ಮಾತಾಡುತ್ತವೆ. ಕೆರೆಯ ಹೆಸರಿನಲ್ಲಿ ಗದ್ದೆಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುವುದಕ್ಕೆ ಬಿಟ್ಟುವಟ್ಟ ಎಂದು ಹೆಸರು. ಕೆರೆ ಕಟ್ಟಿದವನಿಗೆ, ಒಡೆದದ್ದನ್ನು ದುರಸ್ತಿ ಮಾಡಿದವನಿಗೆ ಅದರ ನೀರುಂಡ ನೆಲದ ಆದಾಯದಲ್ಲಿ ಹತ್ತರಲ್ಲೊಂದು ಪಾಲು ಕೊಟ್ಟರೆ ಅದು ದಶವಂದ. ಹೂಳು ಹೊರುವ ಬಂಡಿಗೆಂದೇ ದತ್ತಿ ಬಿಟ್ಟ ಶಾಸನಗಳೂ ಇವೆ. ನೀರು ಹಾಯಿಸುವ ನೀರಗಂಟಿಗೆ ಸುಗ್ಗಿಯಲ್ಲಿ ಕಣದಿಂದಲೇ ಧಾನ್ಯ ಸಲ್ಲುತ್ತಿತ್ತು. ಅರಮನೆಯ ಬೊಕ್ಕಸ ತುಂಬಿರಲಿ, ಬರಿದಾಗಿರಲಿ, ಕೆರೆಯ ಖರ್ಚು ಕೆರೆಯ ಕೆಳಗೇ ಹುಟ್ಟಬೇಕು ಎಂಬುದು ಆ ಏರ್ಪಾಡಿನ ಜೀವಾಳ.

19ನೇ ಶತಮಾನದಲ್ಲಿ ಈ ಕೊಂಡಿ ಸಡಿಲವಾಯಿತು. ಬ್ರಿಟಿಷ್ ಕಮಿಷನರ್‌ಗಳ ಆಳ್ವಿಕೆಯಲ್ಲಿ ಮೈಸೂರಿನ ಲೋಕೋಪಯೋಗಿ ಇಲಾಖೆ ಹುಟ್ಟಿತು. ಕೆರೆಯ ಹೊಣೆ ನಿಧಾನವಾಗಿ ಇಲಾಖೆಯ ಕಡತ ಸೇರಿತು. ಮುಖ್ಯ ಎಂಜಿನಿಯರ್ ಸ್ಯಾಂಕಿ 1866ರಲ್ಲಿ ಈ ಸೀಮೆಯನ್ನು ನೋಡಿ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎನ್ನುವಷ್ಟು ಕೆರೆಗಳನ್ನು ಜನ ಕಟ್ಟಿಕೊಂಡಿದ್ದಾರೆ ಎಂದು ಬೆರಗಾಗಿದ್ದ. ಇದ್ದ ಕೆರೆಗಳನ್ನು ಕಾಯುವ ದುಡ್ಡು ಮಾತ್ರ ಇನ್ನು ಮೇಲಿಂದ ಬರಬೇಕಾಗಿತ್ತು.

ಇದೆಲ್ಲ ಗದ್ದೆಯ ನೀರಿನ ಮಾತಾಯಿತು. ಕುಡಿಯುವ ನೀರಿನ ಚರಿತ್ರೆ ಇಷ್ಟು ಅಂದವಾಗಿಲ್ಲ, ಅದನ್ನು ಚೆಂದಗಾಣಿಸಿ ಬರೆಯುವುದೂ ತಪ್ಪು. ಊರಬಾವಿ ಎಂದರೆ ಎಲ್ಲರ ಬಾವಿ ಆಗಿರಲಿಲ್ಲ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಎಂದು ಮುಂಬಯಿ ಶಾಸನಸಭೆ 1923ರಲ್ಲೇ ಗೊತ್ತುವಳಿ ಮಾಡಿದ್ದರೂ, ಮಹಾಡದ ಚವದಾರ್ ಕೆರೆಯ ನೀರು ಮುಟ್ಟಲು 1927ರಲ್ಲಿ ಅಂಬೇಡ್ಕರರು ಸಾವಿರಾರು ಜನರೊಂದಿಗೆ ಮೆರವಣಿಗೆ ಹೋಗಬೇಕಾಯಿತು. ಕರ್ನಾಟಕದ ದಲಿತ ಕೇರಿಗಳಲ್ಲೂ ಹೆಂಗಸರು ಯಾರಾದರೂ ನೀರು ಸೇದಿ ಹುಯ್ಯಲಿ ಎಂದು ಖಾಲಿ ಕೊಡ ಇಟ್ಟುಕೊಂಡು ಕಾಯುತ್ತಿದ್ದರು.

ನೀರು ಸಿಕ್ಕವರಿಗೂ ಅದು ಶುದ್ಧವಾಗಿರುತ್ತಿರಲಿಲ್ಲ. ಮೆಟ್ಟಿಲು ಬಾವಿಗಳ ನಾಡಿನಲ್ಲಿ ನಾರುಹುಣ್ಣು ಮನೆಮಾತಾಗಿತ್ತು. ಕಾಲಿನ ಬೊಬ್ಬೆ ಒಡೆದು ಮೊಳಕ್ಕೂ ಮೀರಿದ ಹುಳ ಹೊರಗೆ ಇಣುಕುತ್ತದೆ. ಉರಿ ತಾಳಲಾರದೆ ರೋಗಿ ಬಾವಿಯ ಮೆಟ್ಟಿಲಿಳಿದು ಕಾಲನ್ನು ನೀರಿಗಿಡುತ್ತಾನೆ. ಮರಿಗಳು ನೀರಿಗೆ ಬೀಳುತ್ತವೆ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಜಂತು ಅವನ್ನು ನುಂಗುತ್ತದೆ. ಆ ನೀರು ಕುಡಿದವನ ಮೈಯಲ್ಲಿ ಸುಮಾರು ಒಂದು ವರ್ಷಕ್ಕೆ ಮತ್ತೊಂದು ಹುಳ. ನೋವು ಏಳುವುದು ಹೆಚ್ಚಾಗಿ ಹೊಲದ ಕೆಲಸದ ದಿನಗಳಲ್ಲೇ. ಇದಕ್ಕೆ ಔಷಧವಿರಲಿಲ್ಲ, ಲಸಿಕೆಯೂ ಇರಲಿಲ್ಲ. ಮೆಟ್ಟಿಲು ಮುಚ್ಚಿ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡುವುದು, ನೀರನ್ನು ಬಟ್ಟೆಯಲ್ಲಿ ಸೋಸುವುದು, ಕೊಳವೆ ಬಾವಿ ಕೊರೆಸುವುದು, ಇವೇ ಮುಖ್ಯ ಉಪಾಯ. 1980ರ ದಶಕದಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾದಾಗ ರೋಗವಿದ್ದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ರೋಗಮುಕ್ತ ಎಂದು ಸಾರಿತು. ಮುಖ್ಯವಾಗಿ ಶುದ್ಧ ನೀರಿನಿಂದ ಒಂದು ಕಾಯಿಲೆಯನ್ನು ಬೇರುಸಹಿತ ಕಿತ್ತ ಈ ಕಥೆ ನಮ್ಮ ಶಾಲೆಯ ಪಾಠಗಳಲ್ಲಿ ಇರಬೇಕಿತ್ತು.

ಈ ಗೆಲುವಿನ ಹಿಂದೆ ನಿಂತದ್ದು ಕೈಪಂಪು. 1966–67ರ ಬಿಹಾರದ ಬರಗಾಲದಲ್ಲಿ ಯುನಿಸೆಫ್ ಬಂಡೆ ಕೊರೆಯುವ ಯಂತ್ರಗಳನ್ನು ತಂದಮೇಲೆ ದಖ್ಖನಿನ ಗಟ್ಟಿ ಕಲ್ಲಿನಡಿಯ ನೀರೂ ಕೈಗೆಟುಕಿತು. ಆದರೆ ಬೋರಿನ ಮೇಲೆ ಕೂರಿಸಿದ ಬೀಡುಕಬ್ಬಿಣದ ಪಂಪುಗಳು ಮೂಲತಃ ವಿದೇಶದಲ್ಲಿ ಒಂದು ಸಂಸಾರದ ಹಿತ್ತಿಲಿಗೆಂದು ಮಾಡಿದವು. ಇಲ್ಲಿ ಇಡೀ ಊರು ಬೆಳಗಿನಿಂದ ಸಂಜೆವರೆಗೆ ಒತ್ತುತ್ತಿತ್ತು. 1970ರ ದಶಕದ ನಡುವೆ ನೋಡಿದಾಗ ಬಹುಪಾಲು ಪಂಪುಗಳು ಕೆಟ್ಟು ನಿಂತಿದ್ದವು. ಸೊಲ್ಲಾಪುರದಲ್ಲಿ ಒಬ್ಬ ಸ್ವೀಡಿಷ್ ಮೆಕ್ಯಾನಿಕ್ ರೂಪಿಸಿದ್ದ ಉಕ್ಕಿನ ಪಂಪು ಮಾತ್ರ ತಾಳಿಕೊಂಡಿತ್ತು. ಅದನ್ನೇ ತಿದ್ದಿ, ಕೊಯಮತ್ತೂರಿನ ಹಳ್ಳಿಗಳಲ್ಲಿ ಪರೀಕ್ಷಿಸಿ ತಂದದ್ದು ‘ಇಂಡಿಯಾ ಮಾರ್ಕ್ 2’. ಹಿಡಿಯ ತುದಿಗೆ ಸರಪಳಿ, ಬುಡಕ್ಕೆ ಕಾಂಕ್ರೀಟ್ ಕಟ್ಟೆ. ಅದಕ್ಕೆ ಯಾರ ಪೇಟೆಂಟೂ ಇರಲಿಲ್ಲ. ಮುಂದೆ ಆಫ್ರಿಕಾದ ಹಳ್ಳಿಗಳಲ್ಲೂ ಇದೇ ಪಂಪು ನೀರೆತ್ತಿತು.

ಕರ್ನಾಟಕದಲ್ಲಿ ಈ ಪಂಪಿನ ಜೊತೆ ಒಂದು ಹೆಸರು ಅಂಟಿಕೊಂಡಿದೆ. 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಖಾತೆ ನೋಡಿಕೊಂಡವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್‌ಸಾಬ್. ಊರೂರಿಗೆ ಬೋರ್ ಕೊರೆಸಿದ ಅವರನ್ನು ಜನ ‘ನೀರ್‌ಸಾಬ್’ ಎಂದೇ ಕರೆದರು. 250 ಜನಕ್ಕೊಂದು ನೀರಿನ ಮೂಲ, ತಲೆಗೆ ದಿನಕ್ಕೆ 40 ಲೀಟರ್ ಎಂಬುದು ಆ ಕಾಲದ ಅಳತೆ. ಕೇರಿಯ ಎದುರಿಗೇ ಪಂಪು ಬಂದ ಕಡೆ ಹೆಂಗಸರು ಕಾಯುವುದು ತಪ್ಪಿತು. ನಜೀರ್‌ಸಾಬರ ಇನ್ನೂ ದೊಡ್ಡ ಕೆಲಸ ಹಣಕಾಸಿನದು: 1983ರ ಪಂಚಾಯತ್ ರಾಜ್ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು, ಜಿಲ್ಲಾ ಪರಿಷತ್ತುಗಳ ಕೈಗೆ ಇಲಾಖೆಗಳೂ ಅವುಗಳ ದುಡ್ಡೂ ಬಂದವು. ನೀರಿನ ಹಣ ಬೆಂಗಳೂರಿನಿಂದ ಕದಲಿ ಜಿಲ್ಲೆಗೆ ಇಳಿದ ಮೊದಲ ಘಳಿಗೆ ಅದು. ಮರುವರ್ಷವೇ ನಜೀರ್‌ಸಾಬ್ ತೀರಿಕೊಂಡರು.

ದುರಸ್ತಿಯ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಮಾರ್ಕ್ 2 ಪಂಪಿನ ಚರ್ಮದ ವಾಷರ್ ಸವೆದರೂ ಕೊಳವೆಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ವ್ಯಾನು, ಉಪಕರಣ, ನಾಲ್ಕಾರು ಜನ ಬೇಕು. ಊರಿನ ಕೈಲಾಗದ ಆ ಕೆಲಸಕ್ಕೆ ತಾಲ್ಲೂಕಿನ ದಾರಿ ಕಾಯಬೇಕಿತ್ತು. ಕೊಳವೆ ಎತ್ತದೆಯೇ ಬಿಚ್ಚಬಹುದಾದ ಮಾರ್ಕ್ 3 ಬರುವಷ್ಟರಲ್ಲಿ ಹೊಲಗಳ ಪಂಪ್‌ಸೆಟ್ಟುಗಳು ಅಂತರ್ಜಲವನ್ನು ಕೈಪಂಪಿಗೆ ನಿಲುಕದ ಆಳಕ್ಕೆ ಎಳೆದಿದ್ದವು. ಆಳದ ನೀರು ಫ್ಲೋರೈಡನ್ನೂ ಹೊತ್ತು ತಂದಿತು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಲವಣ ಪಾವಗಡ, ಬಾಗೇಪಲ್ಲಿಗಳ ಕಡೆ ಮಕ್ಕಳ ಹಲ್ಲನ್ನು ಕಂದಾಗಿಸಿತು, ಹಿರಿಯರ ಕೀಲು ಬಿಗಿಸಿತು.

ಆಮೇಲೆ ಬಂದ ಯೋಜನೆಗಳು ಊರಿನ ಪಾಲನ್ನು ಮತ್ತೆ ಕೇಳತೊಡಗಿದವು. 2002ರ ಸ್ವಜಲಧಾರಾದಲ್ಲಿ ವೆಚ್ಚದ ಶೇ 10ರಷ್ಟು ಊರಿನವರದು, ನಿರ್ವಹಣೆ ಪೂರ್ತಿ ಅವರದೇ. 2019ರ ಜಲಜೀವನ ಮಿಷನ್ ಮನೆಮನೆಗೆ ನಲ್ಲಿ, ತಲೆಗೆ 55 ಲೀಟರ್ ಎಂದಿತು. ಊರೊಳಗಿನ ಕಾಮಗಾರಿಗೆ ಶೇ 10, ಪರಿಶಿಷ್ಟರು ಹೆಚ್ಚಿರುವ ಊರುಗಳಲ್ಲಿ ಮತ್ತು ಗುಡ್ಡಗಾಡಿನಲ್ಲಿ ಶೇ 5 ವಂತಿಗೆ. ಅದನ್ನು ದುಡ್ಡಾಗಿಯೇ ಕೊಡಬೇಕಿಲ್ಲ, ದುಡಿಮೆಯಾಗಿಯೂ ಕೊಡಬಹುದು. ಊರು ತನ್ನ ಪಾಲು ಕೊಟ್ಟು ಕೆಲಸ ಮುಗಿಸಿದರೆ ಊರೊಳಗಿನ ಕಾಮಗಾರಿಯ ವೆಚ್ಚದ ಶೇ 10ರಷ್ಟು ಮೊತ್ತ ದುರಸ್ತಿಯ ಆವರ್ತ ನಿಧಿಯಾಗಿ ಊರಿಗೇ ಸಿಗಬೇಕು ಎಂಬ ನಿಯಮವೂ ಇದೆ. ಇಡೀ ಯೋಜನೆಯಲ್ಲಿ ಊರಿನವರು ಹಟ ಹಿಡಿದು ಕೇಳಬೇಕಾದದ್ದು ಈ ನಿಧಿಯನ್ನೇ.

15ನೇ ಹಣಕಾಸು ಆಯೋಗ 2021–26ರ ಅವಧಿಗೆ ಪಂಚಾಯತಿಗಳ ಅನುದಾನದಲ್ಲಿ ಶೇ 60ರಷ್ಟನ್ನು ನೀರು, ನೈರ್ಮಲ್ಯಕ್ಕೆಂದೇ ಕಟ್ಟಿಟ್ಟಿತು. ನೀರಿನ ಪಾಲು ಅದರಲ್ಲಿ ಅರ್ಧ. ಆದರೆ ನಲ್ಲಿಗೆ ನೀರೆತ್ತುವ ಮೋಟಾರಿನ ಕರೆಂಟ್ ಬಿಲ್ಲು ತಿಂಗಳಾಗುತ್ತಲೇ ಬಂದು ನಿಲ್ಲುತ್ತದೆ. ನೀರಿನ ಕರ ಸರಿಯಾಗಿ ವಸೂಲಾಗದ ಸಣ್ಣ ಪಂಚಾಯತಿಗಳಲ್ಲಿ ಆ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ಪೈಪ್ ಒಡೆದರೆ ಕೂಡಿಸಲು, ನೀರನ್ನು ಪ್ರಯೋಗಾಲಯಕ್ಕೆ ಕಳಿಸಲು, ದಿನವೂ ವಾಲ್ವ್ ತಿರುಗಿಸುವ ನೀರಗಂಟಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಡಲು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಬೇರೆ ಬಾಬ್ತಿನ ಹಣ ಹುಡುಕಬೇಕಾಗುತ್ತದೆ.